ಮಳೆಗಾಲದ ಓದು: ಚರಿತ್ರೆ ಮತ್ತು ಜೀವನಚರಿತ್ರೆಗಳ ಆಯ್ಕೆ



ಸನ್ಯಾಸಿಗಳಿಗೆ ಚಾತುರ್ಮಾಸ್ಯವೆಂಬ ನಿಯಮವೊಂದುಂಟು. ಆಷಾಢದ ಏಕಾದಶಿಯಿಂದ ಕಾರ್ತಿಕದ ಏಕಾದಶಿಯವರೆಗೆ ಅವರು ಸಂಚಾರವನ್ನು ನಿಲ್ಲಿಸಿ, ಒಂದೇ ಊರಿನಲ್ಲಿ ನೆಲಸಿ, ಅಧ್ಯಯನ ಪ್ರವಚನಗಳಲ್ಲಿ ಕಾಲವನ್ನು ಕಳೆಯತಕ್ಕದ್ದು. ಗೃಹಸ್ಥರಾದ ನಮ್ಮಂಥವರಿಗೆ ಆ ಕಟ್ಟುಪಾಡಿಲ್ಲ. ಆದರೂ ಸಂಜೆಯ ತಿರುಗಾಟಕ್ಕೆ ಮಳೆಯು ಅಡ್ಡಬರುವ ಈ ನಾಲ್ಕು ತಿಂಗಳುಗಳಲ್ಲಿ ನಮ್ಮ ಮನೆಗಳಲ್ಲಿಯೂ ಒಂದು ಬಗೆಯ ಚಾತುರ್ಮಾಸ್ಯವು ತಾನಾಗಿಯೇ ನಡೆಯುತ್ತದೆ. ಬಾಗಿಲು ಮುಚ್ಚಿರುತ್ತದೆ, ದೀಪ ಉರಿಯುತ್ತಿರುತ್ತದೆ, ಊಟಕ್ಕೆ ಇನ್ನೂ ಒಂದು ಗಂಟೆ ಇರುತ್ತದೆ. ಆ ಒಂದು ಗಂಟೆಯನ್ನು ಏನು ಮಾಡಬೇಕು?

ಸ್ನೇಹಿತರು ಅನೇಕರು ನಮ್ಮನ್ನು ಕೇಳುವುದುಂಟು: "ಚರಿತ್ರೆಯನ್ನು ಓದಬೇಕೆಂದು ಆಶೆಯಿದೆ; ಯಾವ ಪುಸ್ತಕಗಳನ್ನು ಓದೋಣ?" ಎಂದು. ಕೇಳಿದವರಿಗೆಲ್ಲ ನೂರು ಗ್ರಂಥಗಳ ಪಟ್ಟಿಯೊಂದನ್ನು ಬರೆದುಕೊಡುವುದು ಸುಲಭ. ಅಂಥ ಪಟ್ಟಿಗಳನ್ನು ನಾವೂ ಕೊಟ್ಟಿದ್ದೇವೆ. ಇತರರಿಂದ ಪಡೆದೂ ಇದ್ದೇವೆ. ಅವುಗಳಿಂದ ಆದ ಪ್ರಯೋಜನವು ಬಹು ಸ್ವಲ್ಪ. ಒಮ್ಮೆ ನಾವೇ ಒಂದು ಮಳೆಗಾಲದ ಆರಂಭದಲ್ಲಿ ಸಮಸ್ತ ಪ್ರಪಂಚದ ಚರಿತ್ರೆಯನ್ನು ಹೇಳುವ ಹಲವು ಸಂಪುಟಗಳ ಮಾಲೆಯೊಂದನ್ನು ಉತ್ಸಾಹದಿಂದ ಮನೆಗೆ ತಂದೆವು. ಗೌರಿಹಬ್ಬ ಬರುವುದರೊಳಗೆ ಮೊದಲನೆಯ ಸಂಪುಟದ ಅರ್ಧದಲ್ಲಿ ಇಟ್ಟ ಗುರುತಿನ ಕಾಗದವು ದೀಪಾವಳಿಯ ಹೊತ್ತಿಗೂ ಅಲ್ಲಿಯೇ ಇದ್ದಿತು. ತಪ್ಪು ಗ್ರಂಥದ್ದಲ್ಲ, ನಮ್ಮ ಆಯ್ಕೆಯದು. ಆದುದರಿಂದ ಈ ಹೊತ್ತು ಪಟ್ಟಿಯನ್ನು ಕೊಡುವುದಕ್ಕಿಂತ ಪಟ್ಟಿಯನ್ನು ಮಾಡಿಕೊಳ್ಳುವ ವಿಧಾನವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಮೊದಲು ಲೆಕ್ಕವನ್ನು ನೋಡೋಣ. ನಾಲ್ಕು ತಿಂಗಳೆಂದರೆ ೧೨೦ ದಿನಗಳು. ಹಬ್ಬಹರಿದಿನ, ನೆಂಟರಿಷ್ಟರು, ಶೀತಜ್ವರ ಇವಕ್ಕೆಂದು ೨೦ ದಿನಗಳನ್ನು ಬಿಟ್ಟರೆ ನೂರು ಉಳಿಯುತ್ತವೆ. ಗಂಟೆಯೊಂದಕ್ಕೆ ೨೦ ಪುಟಗಳು. ಚರಿತ್ರೆಯನ್ನು ಇದಕ್ಕಿಂತ ವೇಗವಾಗಿ ಓದುವವನು ಓದುವುದಿಲ್ಲ, ಪುಟ ತಿರುವುತ್ತಾನೆ. ಅಂತೂ ನಮ್ಮ ಕೈಯಲ್ಲಿರುವ ಬಂಡವಾಳವು ಎರಡು ಸಾವಿರ ಪುಟಗಳು, ಅಂದರೆ ಸಾಧಾರಣ ಗಾತ್ರದ ಆರು ಏಳು ಪುಸ್ತಕಗಳು ಮಾತ್ರ. ಆರು ರೂಪಾಯಿ ಹಿಡಿದು ಸಂತೆಗೆ ಹೋಗುವವನು ಅಂಗಡಿಯೆಲ್ಲವನ್ನೂ ಬೆಲೆ ಕೇಳುತ್ತ ನಿಲ್ಲುವುದಿಲ್ಲ. ಮನೆಗೆ ಏನು ಬೇಕೆಂಬುದನ್ನು ಮೊದಲೇ ತಿಳಿದುಕೊಂಡು ಹೋಗುತ್ತಾನೆ. ಓದುವವನೂ ಹಾಗೆಯೇ ಮಾಡಬೇಕು. ದೇಶವನ್ನಾಗಲಿ ಯುಗವನ್ನಾಗಲಿ ಆರಿಸಿಕೊಳ್ಳುವುದಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ಪ್ರಶ್ನೆಯಿದ್ದಲ್ಲಿ ಪುಸ್ತಕವು ಉತ್ತರ ಕೊಡುತ್ತದೆ; ಪ್ರಶ್ನೆಯಿಲ್ಲದಿದ್ದರೆ ಅದು ಬರಿಯ ತಾರೀಖುಗಳನ್ನು ಒಪ್ಪಿಸುತ್ತದೆ.

ಇನ್ನು ಚರಿತ್ರೆಗೂ ಜೀವನಚರಿತ್ರೆಗೂ ಇರುವ ಸಂಬಂಧ. ಗ್ರೀಕರಲ್ಲಿ ಪ್ಲುಟಾರ್ಕನು ಒಬ್ಬೊಬ್ಬ ಗ್ರೀಕ್ ಮಹಾಪುರುಷನಿಗೆ ಒಬ್ಬೊಬ್ಬ ರೋಮನ್ನನನ್ನು ಜೊತೆಮಾಡಿ ಜೀವನಗಳನ್ನು ಬರೆದನು. ಅಲೆಗ್ಸಾಂಡರನ ಜೀವನದ ಆರಂಭದಲ್ಲಿ, ತಾನು ಬರೆಯುತ್ತಿರುವುದು ಚರಿತ್ರೆಯಲ್ಲವೆಂದೂ, ಮನುಷ್ಯನ ಶೀಲವು ದೊಡ್ಡ ಕಾಳಗಕ್ಕಿಂತ ಒಂದು ಸಣ್ಣ ಮಾತಿನಲ್ಲಿ, ಒಂದು ಪರಿಹಾಸ್ಯದಲ್ಲಿ ಹೆಚ್ಚಾಗಿ ತೋರಿಬರುವುದುಂಟೆಂದೂ ಅವನು ಹೇಳಿಕೊಂಡಿದ್ದಾನೆ. ಇದು ನಿಜ. ಚರಿತ್ರೆಯಲ್ಲಿ ಮನುಷ್ಯನು ಗುಂಪಿನಲ್ಲಿ ಕರಗಿಹೋಗುತ್ತಾನೆ. ಜೀವನಚರಿತ್ರೆಯಲ್ಲಿ ಗುಂಪು ಮನುಷ್ಯನ ಹಿಂದೆ ಮರೆಯಾಗುತ್ತದೆ. ಒಂದರ ಕೊರತೆಯನ್ನು ಮತ್ತೊಂದು ತುಂಬಬೇಕು. ಆದುದರಿಂದ ಎರಡನ್ನೂ ಜೊತೆಜೊತೆಯಾಗಿ ಓದುವುದೇ ಲೇಸು.

ಬರಿಯ ಜೀವನಚರಿತ್ರೆಯನ್ನು ನಂಬಿದರೆ ಆಗುವ ತೊಂದರೆಗೆ ನಮ್ಮ ದೇಶದಲ್ಲಿಯೇ ಹಳೆಯ ನಿದರ್ಶನವಿದೆ. ಬಾಣಕವಿಯು ತನ್ನ ಆಶ್ರಯದಾತನಾದ ಹರ್ಷನನ್ನು ಕುರಿತು ಹರ್ಷಚರಿತವನ್ನು ಬರೆದನು. ತಂದೆಯ ಮರಣ, ಅಣ್ಣನ ಕೊಲೆ, ತಂಗಿ ರಾಜ್ಯಶ್ರೀಯ ಅನ್ವೇಷಣೆ ಇವೆಲ್ಲ ಅದರಲ್ಲಿ ಬರುತ್ತವೆ. ತಂಗಿಯು ದೊರೆಯುವಲ್ಲಿಗೆ ಕಥೆ ನಿಲ್ಲುತ್ತದೆ. ಅದನ್ನು ಮಾತ್ರ ಓದಿದವನು ಹರ್ಷನಿಗೆ ಸೋಲೆಂಬುದೊಂದು ಇತ್ತೆಂದು ಅರಿಯನು. ಐಹೊಳೆಯ ಮೇಗುತಿ ದೇವಾಲಯದ ಗೋಡೆಯಲ್ಲಿ ರವಿಕೀರ್ತಿಯು ೬೩೪ರಲ್ಲಿ ರಚಿಸಿದ ಶಾಸನವಿದೆ. ಇಮ್ಮಡಿ ಪುಲಕೇಶಿಯ ಮುಂದೆ ಹರ್ಷನು ಸೋತುದನ್ನು ಕವಿಯು ಹರ್ಷನ ಹೆಸರಿನ ಮೇಲೆಯೇ ಶ್ಲೇಷೆಯಾಡಿ ಅಲ್ಲಿ ಹೇಳಿದ್ದಾನೆ. ಹಾಗೆಂದು ರವಿಕೀರ್ತಿಯನ್ನು ಮಾತ್ರ ಓದಿದವನಿಗೂ ತೃಪ್ತಿಪಡಲು ಕಾರಣವಿಲ್ಲ. ಅದೇ ಪುಲಕೇಶಿಯ ಬಾದಾಮಿಯನ್ನು ಕೆಲವೇ ವರ್ಷಗಳಲ್ಲಿ ಪಲ್ಲವ ನರಸಿಂಹವರ್ಮನು ಹಿಡಿದನು. ಆ ಸಂಗತಿಗೆ ಬಾದಾಮಿಯಲ್ಲಿಯೇ ಪಲ್ಲವನ ಶಾಸನವು ಸಾಕ್ಷಿಯಾಗಿದೆ. ಹೊಗಳುವವನ ಲೇಖನಿಯು ಗೆಲುವಿನ ಬಳಿ ನಿಲ್ಲುತ್ತದೆ. ಮುಂದಿನ ಪುಟವನ್ನು ಎದುರಾಳಿಯ ಮನೆಯಲ್ಲಿ ಹುಡುಕಬೇಕಾಗುತ್ತದೆ.

ಈ ತತ್ತ್ವವನ್ನು ಕೈಯಲ್ಲಿ ಹಿಡಿದುಕೊಂಡು ಒಂದು ಕಾಲದ ಓದನ್ನು ಏರ್ಪಡಿಸಿ ನೋಡೋಣ. ನಮಗೆ ಹತ್ತಿರವಾದ ಪ್ರಶ್ನೆಯೊಂದನ್ನೇ ತೆಗೆದುಕೊಳ್ಳುವೆವು: ಮೈಸೂರು ಸೀಮೆಯನ್ನು ಆಳಿದವರು ಎಂಥವರು, ಆಳಿಸಿಕೊಂಡವರು ಹೇಗೆ ಬಾಳಿದರು? ೧೭೬೧ರಲ್ಲಿ ಹೈದರಾಲಿಯ ಕೈಗೆ ಅಧಿಕಾರವು ಬಂದುದರಿಂದ ಮೊದಲುಮಾಡಿ ಇಪ್ಪತ್ತನೆಯ ಶತಮಾನದ ದಿವಾನರವರೆಗೆ ಇದರ ಹರವು. ಹರವು ದೊಡ್ಡದಾದರೂ ಪ್ರಶ್ನೆ ಒಂದೇ ಆದುದರಿಂದ ಆರೇಳು ಪುಸ್ತಕಗಳಲ್ಲಿ ಸುತ್ತಿಬರಬಹುದು.

ಶ್ರಾವಣಮಾಸಕ್ಕೆ ಬೆನ್ನೆಲುಬಿನಂಥ ಗ್ರಂಥವೊಂದು ಬೇಕು. ಇಲ್ಲಿ ಎಲ್ಲರ ಬಾಯಿಗೂ ಬರುವ ಹೆಸರು ಕರ್ನಲ್ ಮಾರ್ಕ್ ವಿಲ್ಕ್ಸ್ ಎಂಬವನದು. ಅವನ ಮೂರು ಸಂಪುಟಗಳ ಮೈಸೂರು ಚರಿತ್ರೆಯು ೧೮೧೦ರಲ್ಲಿಯೂ ೧೮೧೭ರಲ್ಲಿಯೂ ಲಂಡನ್ನಿನಲ್ಲಿ ಹೊರಬಂದಿತು. ಸರ್ಕಾರದ ವತಿಯಿಂದ ೧೯೩೦ರಲ್ಲಿ ಮೈಸೂರಿನಲ್ಲಿಯೇ ಎರಡು ಸಂಪುಟಗಳಾಗಿ ಪುನಃ ಅಚ್ಚಾಯಿತು. ಪುಸ್ತಕವನ್ನು ಆರಿಸುವಾಗ ಮುನ್ನುಡಿಯನ್ನು ಹಾರಿಸತಕ್ಕದ್ದಲ್ಲ. ಗ್ರಂಥಕರ್ತನು ಯಾರು, ಯಾವಾಗ ಬರೆದನು, ಯಾರ ಉಪ್ಪನ್ನು ತಿಂದನು, ಯಾವ ಆಧಾರಗಳನ್ನು ನೋಡಿದನು ಎಂಬ ನಾಲ್ಕು ಪ್ರಶ್ನೆಗಳನ್ನು ಅಲ್ಲಿ ಕೇಳಬೇಕು. ವಿಲ್ಕ್ಸನು ಕಂಪೆನಿಯ ಸೈನ್ಯದವನು. ಟಿಪ್ಪು ಮಡಿದ ಕೆಲವೇ ವರ್ಷಗಳ ಮೇಲೆ ಮೈಸೂರಿನಲ್ಲಿ ರೆಸಿಡೆಂಟನ ಕೆಲಸವನ್ನು ನಡೆಸಿದವನು. ಮುಂದೆ ಸೇಂಟ್ ಹೆಲೀನಾ ದ್ವೀಪಕ್ಕೆ ಗವರ್ನರನಾದನು. ೧೮೧೫ರಲ್ಲಿ ನೆಪೋಲಿಯನನು ಸೆರೆಯಾಗಿ ಅಲ್ಲಿಗೆ ಬಂದಾಗ ದ್ವೀಪದ ಆಡಳಿತದಲ್ಲಿದ್ದವನು ಇವನೇ. ಇವನು ಕನ್ನಡದ ಹಳೆಯ ಬರಹಗಳನ್ನು ಸಂಗ್ರಹಿಸಿದನು, ಘಟನೆಗಳನ್ನು ಕಣ್ಣಾರೆ ಕಂಡ ಹಿರಿಯರನ್ನು ವಿಚಾರಿಸಿದನು, ಆಧಾರಗಳು ಯಾವುವೆಂಬುದನ್ನೂ ಹೇಳಿದನು. ಇವು ಅವನ ಗುಣಗಳು. ಗೆದ್ದವರ ಪಕ್ಷದಲ್ಲಿ ನಿಂತು, ಗೆಲುವಿಗೆ ನ್ಯಾಯವನ್ನು ಹುಡುಕುತ್ತ ಬರೆದನು. ಇದು ಅವನ ಮಿತಿ. ಎರಡನ್ನೂ ತಿಳಿದು ಓದಿದರೆ ಅವನಿಂದ ಹಾನಿಯಿಲ್ಲ.

ವಿಲ್ಕ್ಸನ ಬದಿಯಲ್ಲಿ ಈ ಶತಮಾನಗಳ ವಿದ್ವಾಂಸರಲ್ಲಿ ಒಬ್ಬರನ್ನಾದರೂ ಇಟ್ಟುಕೊಳ್ಳಬೇಕು. ಸಿ. ಹಯವದನರಾಯರ ಮೈಸೂರು ಚರಿತ್ರೆಯ ಮೂರು ಸಂಪುಟಗಳು ೧೯೪೩ರಿಂದ ೧೯೪೬ರವರೆಗೆ ಪ್ರಕಟವಾದುವು. ಮೊಹಿಬ್ಬುಲ್ ಹಸನ್ ಅವರ ಟಿಪ್ಪು ಸುಲ್ತಾನನ ಚರಿತ್ರೆಯು ೧೯೫೧ರಲ್ಲಿ ಬಂದಿತು. ಈ ಇಬ್ಬರ ಒಲವುಗಳೂ ಒಂದೇ ಅಲ್ಲ. ಒಂದೇ ಯುದ್ಧವನ್ನು, ಒಂದೇ ಒಪ್ಪಂದವನ್ನು ಮೂವರಲ್ಲಿಯೂ ತೆಗೆದು ಹೋಲಿಸಿ ನೋಡುವುದು ಒಂದು ಸಂಜೆಯ ಕೆಲಸ. ಆ ಒಂದು ಸಂಜೆಯು ಹತ್ತು ಉಪನ್ಯಾಸಗಳಿಗಿಂತ ಹೆಚ್ಚಿನದನ್ನು ಕಲಿಸುತ್ತದೆಂದು ನಾವು ಅನುಭವದಿಂದ ಹೇಳಬಲ್ಲೆವು. ಮೂರೂ ಗ್ರಂಥಗಳನ್ನು ಮೊದಲಿನಿಂದ ಕಡೆಯವರೆಗೆ ಓದುವಷ್ಟು ಬಂಡವಾಳವು ನಮ್ಮಲ್ಲಿಲ್ಲ. ಒಂದನ್ನು ಪೂರ್ತಿಯಾಗಿ, ಮಿಕ್ಕವನ್ನು ವಿಷಯಸೂಚಿಯ ಸಹಾಯದಿಂದ ಓದಿಕೊಳ್ಳತಕ್ಕದ್ದು.

ಭಾದ್ರಪದಕ್ಕೆ ಸಾಕ್ಷಿಗಳನ್ನು ಕರೆಯೋಣ. ಚರಿತ್ರಕಾರನು ವಕೀಲನಿದ್ದಂತೆ. ಅವನ ವಾದವನ್ನು ಕೇಳಿದ ಮೇಲೆ ಸಾಕ್ಷಿಯ ಮುಖವನ್ನೊಮ್ಮೆ ನೋಡಬೇಕು. ಹೈದರ್ ಮತ್ತು ಟಿಪ್ಪು ಇಬ್ಬರ ಕಾಲವನ್ನೂ ಕಂಡ ಕಿರ್ಮಾನಿಯು ಪಾರಸಿಯಲ್ಲಿ ಬರೆದ ನಿಶಾನ್-ಇ-ಹೈದರಿ ಎಂಬ ಗ್ರಂಥಕ್ಕೆ ಕರ್ನಲ್ ಮೈಲ್ಸನ ಇಂಗ್ಲಿಷ್ ಭಾಷಾಂತರವಿದೆ. ಟಿಪ್ಪುವಿನ ಪತ್ರಗಳನ್ನು ಆರಿಸಿ ಭಾಷಾಂತರಿಸಿ ಕರ್ಕ್‌ಪ್ಯಾಟ್ರಿಕ್ ಎಂಬ ಅಧಿಕಾರಿಯು ೧೮೧೧ರಲ್ಲಿ ಅಚ್ಚುಹಾಕಿಸಿದನು. ಆರಿಸಿದವನು ಶತ್ರುಪಕ್ಷದವನೆಂಬುದನ್ನು ಮರೆಯಬಾರದು. ಆದರೂ ಪತ್ರಗಳು ಪತ್ರಗಳೇ. ರೇಷ್ಮೆಹುಳುವನ್ನು ತರಿಸಿ ಸಾಕಬೇಕೆಂಬ ಆಜ್ಞೆಗಳೂ ಕೊಡಗಿನ ಜನರನ್ನು ಸೆರೆಹಿಡಿದು ಮತಾಂತರಗೊಳಿಸಿದುದರ ಪ್ರಸ್ತಾಪಗಳೂ ಅವುಗಳಲ್ಲಿಯೇ ಇವೆ.

ಇದಕ್ಕೆ ಎದುರಾಗಿ ಮತ್ತೊಂದು ಪತ್ರಸಮೂಹವನ್ನು ಇಡಬೇಕು. ೧೭೯೧ರಲ್ಲಿ ಮರಾಠರ ದಂಡಿನ ಕುದುರೆಸವಾರರು ಶೃಂಗೇರಿಯ ಮಠವನ್ನು ಸುಲಿದರು. ಆ ಸಮಯದಲ್ಲಿ ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಗೌರವದಿಂದ ಬರೆದ, ಶಾರದಾಮೂರ್ತಿಯ ಪುನಃಪ್ರತಿಷ್ಠೆಗೆ ದ್ರವ್ಯವನ್ನು ಒದಗಿಸಿದ ಕನ್ನಡದ ನಿರೂಪಗಳು ಮಠದಲ್ಲಿಯೇ ಉಳಿದಿದ್ದುವು. ಪ್ರಾಕ್ತನ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಅವನ್ನು ಬೆಳಕಿಗೆ ತಂದರು.

ಇಲ್ಲಿ ನಾವು ಒಂದು ತಪ್ಪೊಪ್ಪಿಗೆಯನ್ನು ಮಾಡಬೇಕಾಗಿದೆ. ವಿದ್ಯಾರ್ಥಿದಶೆಯಲ್ಲಿ ಒಂದು ಸಣ್ಣ ಪುಸ್ತಕವನ್ನು ಓದಿ ಟಿಪ್ಪುವನ್ನು ಕುರಿತು ಒಂದು ನಿಶ್ಚಯಕ್ಕೆ ಬಂದೆವು. ಹತ್ತು ವರ್ಷಗಳ ಮೇಲೆ ಇನ್ನೊಂದು ಪುಸ್ತಕವನ್ನು ಓದಿ ಅಷ್ಟೇ ಗಟ್ಟಿಯಾದ, ಆದರೆ ತದ್ವಿರುದ್ಧವಾದ ನಿಶ್ಚಯಕ್ಕೆ ಬಂದೆವು. ಎರಡು ಸಲವೂ ಗೆಳೆಯರೊಡನೆ ವಾದಮಾಡಿ ಗೆದ್ದೆವೆಂದು ಹಿಗ್ಗಿದೆವು. ಎರಡು ಬಗೆಯ ಪತ್ರಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಓದಿದ ದಿನವೇ ನಮ್ಮ ಬಾಯಿಗೆ ಬೀಗ ಬಿದ್ದುದು. ಕೊಡಗಿನ ವಿಷಯವಾದ ಪತ್ರವನ್ನೂ ಶೃಂಗೇರಿಗೆ ಹೋದ ಪತ್ರವನ್ನೂ ಕಳುಹಿಸಿದವನು ಒಬ್ಬನೇ ದೊರೆ. ಒಂದನ್ನು ಸುಳ್ಳೆಂದು ಎಸೆದು ಇನ್ನೊಂದನ್ನು ತಲೆಯ ಮೇಲೆ ಹೊರುವ ಸ್ವಾತಂತ್ರ್ಯವು ನಮಗಿಲ್ಲ. ಕೊಡಗಿನ ಮನೆಗಳಲ್ಲಿ ಆ ದುಃಖದ ನೆನಪು ಬದುಕಿದೆ; ಶೃಂಗೇರಿಯ ಕಡತದಲ್ಲಿ ಆ ಉಪಕಾರದ ಬರಹವು ಬದುಕಿದೆ. ರಾಜ್ಯತಂತ್ರ, ಭಯ, ಭಕ್ತಿ, ಕೋಪ ಇವುಗಳಲ್ಲಿ ಎಷ್ಟೆಷ್ಟು ಬೆರೆತು ಆ ಮನುಷ್ಯನಾದನೆಂದು ಯೋಚಿಸುವುದೇ ವಾಚಕನ ಕೆಲಸ. ೧೭೯೯ರಲ್ಲಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ಅವನ ಸ್ವಹಸ್ತದ ಕನಸುಗಳ ಪುಸ್ತಕವೊಂದು ದೊರೆಯಿತು. ಅದು ಲಂಡನ್ನಿಗೆ ಹೋಗಿ, ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷಿಗೆ ಭಾಷಾಂತರವಾಗಿದೆ. ಪ್ರಕಟಿಸುವ ಉದ್ದೇಶವಿಲ್ಲದೆ ದೊರೆಯೊಬ್ಬನು ತನಗಾಗಿಯೇ ಬರೆದುಕೊಂಡ ಅಂಥ ಹೊತ್ತಗೆಯನ್ನು ಒಂದೇ ರಾತ್ರಿಯಲ್ಲಿ ಓದಬಹುದು; ಆಸ್ಥಾನದ ಬಾಗಿಲಾಚೆಗಿನ ಮನುಷ್ಯನನ್ನು ಅದು ತೋರಿಸುತ್ತದೆ.

ಇಷ್ಟಾದರೂ ನಮ್ಮ ಪ್ರಶ್ನೆಯ ಎರಡನೆಯ ಭಾಗವು ಹಾಗೆಯೇ ಉಳಿಯಿತು. ಆಳಿಸಿಕೊಂಡವರು ಹೇಗಿದ್ದರು? ಇದಕ್ಕೆ ಡಾಕ್ಟರ್ ಫ್ರಾನ್ಸಿಸ್ ಬುಕಾನನನಷ್ಟು ಉಪಕಾರಿಯಾದ ಸಾಕ್ಷಿ ಮತ್ತೊಬ್ಬನಿಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಅವನು ೧೮೦೦ನೆಯ ಏಪ್ರಿಲ್ ತಿಂಗಳಲ್ಲಿ ಮದರಾಸನ್ನು ಬಿಟ್ಟು, ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿ, ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ತನ್ನ ಪ್ರವಾಸವನ್ನು ಪ್ರಕಟಿಸಿದನು. ಟಿಪ್ಪು ಮಡಿದು ಒಂದು ವರ್ಷ ಮಾತ್ರ ಆಗಿದ್ದಿತು, ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟದ ಮೇಲಿದ್ದರು, ಪೂರ್ಣಯ್ಯನವರು ದಿವಾನರಾಗಿದ್ದರು. ಬುಕಾನನನು ಅರಮನೆಯಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಯಾವ ಊರಿನಲ್ಲಿ ಯಾವ ಬೀಜವನ್ನು ಎಷ್ಟು ಬಿತ್ತುವರು, ರಾಗಿ ಎಷ್ಟು ಬರುತ್ತದೆ, ಕೆರೆಯ ನೀರನ್ನು ಹೇಗೆ ಹಂಚುವರು, ನೇಯ್ಗೆಯವನಿಗೆ ಸಾಲ ಕೊಡುವವನಾರು, ಕಬ್ಬಿಣದ ಕುಲುಮೆಗೆ ಇದ್ದಿಲು ಎಷ್ಟು ಬೇಕು ಎಂಬುದನ್ನೆಲ್ಲ ದಿನಚರಿಯಂತೆ ಬರೆದಿಟ್ಟನು. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯ ಸಮಾಚಾರವನ್ನು ಅವನಲ್ಲಿ ಓದಿದ ಮೇಲೆ ವೀಣೆಯ ನಾದವು ನಮಗೆ ಬೇರೆಯಾಗಿಯೇ ಕೇಳಿಸಿತು. ಅವನ ಮೇಲೂ ಒಂದು ಕಣ್ಣಿಡಬೇಕು: ಹೊಸದಾಗಿ ಕೈಗೆ ಬಂದ ಸೀಮೆಯಿಂದ ಏನು ಹುಟ್ಟುತ್ತದೆಂದು ತಿಳಿಯಲು ಕಂಪೆನಿಯು ಕಳುಹಿಸಿದವನು ಅವನು, ಜನರೊಡನೆ ಮಾತನಾಡಿದುದು ದುಭಾಷಿಗಳ ಮೂಲಕ. ಲೆಕ್ಕ ಕೇಳುವವನ ಮುಂದೆ ರೈತನು ಯಾವ ಕಾಲದಲ್ಲಿಯೂ ಪೂರ್ತಿ ಲೆಕ್ಕವನ್ನು ಬಿಚ್ಚಿಟ್ಟವನಲ್ಲ. ಈ ಗ್ರಂಥದ ಮೊದಲನೆಯ ಸಂಪುಟವೊಂದು ನಮ್ಮ ಕಾಲಕ್ಕೆ ಸಾಕು. ಓದುವಾಗ ಭೂಪಟವು ಪಕ್ಕದಲ್ಲಿರಲಿ. ತಮ್ಮ ತಮ್ಮ ಊರುಗಳ ಹೆಸರು ಬಂದಲ್ಲಿ ಶ್ರೋತೃಗಳು ಖಂಡಿತವಾಗಿಯೂ ಪುಸ್ತಕವನ್ನು ಮನೆಯವರಿಗೆ ಗಟ್ಟಿಯಾಗಿ ಓದಿಹೇಳುವರು.

ಆಶ್ವಯುಜಮಾಸವು ದಸರಾದ ಕಾಲ. ಮನೆಯಲ್ಲಿ ಗೊಂಬೆಗಳಿರುತ್ತವೆ, ಮಕ್ಕಳಿರುತ್ತಾರೆ. ದೊಡ್ಡ ಗ್ರಂಥಕ್ಕೆ ಮನಸ್ಸು ನಿಲ್ಲದು. ಆಗ ರಾಬರ್ಟ್ ಸೆವೆಲ್ಲನು ೧೯೦೦ರಲ್ಲಿ ಬರೆದ ವಿಜಯನಗರ ಚರಿತ್ರೆಯ ಕಡೆಯ ಭಾಗವನ್ನು ತೆರೆಯಬಹುದು. ೧೫೨೦ರ ಸುಮಾರಿನಲ್ಲಿ ಬಂದಿದ್ದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪೇಯಸನು ಕೃಷ್ಣದೇವರಾಯನ ಮಹಾನವಮಿಯನ್ನು ಕಂಡು ಬರೆದುದರ ಭಾಷಾಂತರವು ಅಲ್ಲಿದೆ. ಅದೇ ಹಬ್ಬವನ್ನು ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರೆಂಬುದು ಪ್ರಸಿದ್ಧವಾಗಿದೆ. ಹಬ್ಬದ ದಿನ ಹಬ್ಬದ ಚರಿತ್ರೆಯನ್ನು ಓದುವುದಕ್ಕಿಂತ ಸುಖವಾದ ಓದಿಲ್ಲ.

ದಸರಾಕ್ಕೂ ನಮ್ಮ ಜೀವನಚರಿತ್ರೆಯ ಓದಿಗೂ ಇನ್ನೊಂದು ನಂಟಿದೆ. ೧೮೮೧ನೆಯ ಮಾರ್ಚಿಯಲ್ಲಿ ರಾಜ್ಯವು ಒಡೆಯರಿಗೆ ಹಿಂದಿರುಗಿದಾಗ ದಿವಾನರಾದ ರಂಗಾಚಾರ್ಲು ಅವರು ಅದೇ ವರ್ಷದ ದಸರಾದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲಬಾರಿಗೆ ಸೇರಿಸಿದರು. ಡಿ. ವಿ. ಗುಂಡಪ್ಪನವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದಿದ್ದಾರೆ. ಅದನ್ನು ಓದುವವರು ಒಂದು ಸಣ್ಣ ಕಾಗದದ ಮೇಲೆ ಎರಡು ಅಂಕಗಳನ್ನು ಬರೆದು ಪುಸ್ತಕದಲ್ಲಿ ಗುರುತಾಗಿ ಇಟ್ಟುಕೊಳ್ಳಲಿ. ೧೮೭೧ರ ಖಾನೇಷುಮಾರಿಯಲ್ಲಿ ಮೈಸೂರಿನ ಜನಸಂಖ್ಯೆ ೫೦ ಲಕ್ಷಕ್ಕೆ ಮೇಲ್ಪಟ್ಟಿತ್ತು. ೧೮೮೧ರಲ್ಲಿ ಅದು ೪೨ ಲಕ್ಷಕ್ಕೂ ಕಡಮೆ. ನಡುವೆ ಬಂದುದು ೧೮೭೬ರಿಂದ ೧೮೭೮ರವರೆಗಿನ ಧಾತು ಈಶ್ವರ ಸಂವತ್ಸರಗಳ ಕ್ಷಾಮ. ಬೊಕ್ಕಸದಲ್ಲಿದ್ದ ಹಣವು ಕರಗಿ ರಾಜ್ಯದ ಮೇಲೆ ೮೦ ಲಕ್ಷ ರೂಪಾಯಿಗಳ ಸಾಲ ಉಳಿದಿತ್ತು. ಈ ಅಂಕಗಳನ್ನು ಅರಿಯದೆ ಓದಿದರೆ ರಂಗಾಚಾರ್ಲು ಅವರು ಮಿತವ್ಯಯದ ಹಟವುಳ್ಳ ಅಧಿಕಾರಿಯಾಗಿ ಮಾತ್ರ ಕಾಣುವರು. ಅರಿತು ಓದಿದರೆ, ಅರ್ಧ ಬರಿದಾದ ಹಳ್ಳಿಗಳಿಂದ ಬಂದ ರೈತರನ್ನೂ ವರ್ತಕರನ್ನೂ ಎದುರಿಗೆ ಕೂರಿಸಿಕೊಂಡು ಲೆಕ್ಕವನ್ನು ಒಪ್ಪಿಸಿದ ದಿವಾನರು ಕಾಣುವರು. ಎರಡು ವರ್ಷ ತುಂಬುವುದರೊಳಗೆ, ೧೮೮೩ನೆಯ ಜನವರಿಯಲ್ಲಿ, ಅವರು ತೀರಿಕೊಂಡರು. ಜೀವನಚರಿತ್ರೆಯ ಪಕ್ಕದಲ್ಲಿ ಜನಗಣತಿಯನ್ನು ಇಡಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ದೊರೆ ದಿವಾನರ ಜೀವನಗಳೇ ಜೀವನಚರಿತ್ರೆಗಳೆಂದು ಭ್ರಮಿಸಬಾರದು. ಎಂ. ಎಸ್. ಪುಟ್ಟಣ್ಣನವರು ಮುಮ್ಮಡಿಯವರ ಕಾಲದ ತಾರ್ಕಿಕರಾದ ಕುಣಿಗಲ ರಾಮಾಶಾಸ್ತ್ರಿಗಳ ಚರಿತ್ರೆಯನ್ನು ಬರೆದಿದ್ದಾರೆ. ಗುಂಡಪ್ಪನವರ ಜ್ಞಾಪಕ ಚಿತ್ರಶಾಲೆಯ ಸಂಪುಟಗಳಲ್ಲಿ ವಿದ್ವಾಂಸರು, ಗಾಯಕರು, ವೈದಿಕರು, ಹೆಸರಿಲ್ಲದ ಎಷ್ಟೋ ಸಜ್ಜನರು ಬರುತ್ತಾರೆ. ಬಿಡಿಬಿಡಿಯಾಗಿ ಓದಬಹುದಾದುದರಿಂದ ಹಬ್ಬದ ಗದ್ದಲದಲ್ಲಿಯೂ ಅವು ಒದಗಿಬರುತ್ತವೆ.

ಕಾರ್ತಿಕಮಾಸವನ್ನು ಆತ್ಮಕಥೆಗಳಿಗೆ ಮೀಸಲಿಡೋಣ. ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ಸ್ಮರಣೆಗಳನ್ನು ೧೯೫೧ರಲ್ಲಿ ಪ್ರಕಟಿಸಿದರು. ಮಿರ್ಜಾ ಇಸ್ಮಾಯಿಲರು ತಮ್ಮ ಸಾರ್ವಜನಿಕ ಜೀವನವನ್ನು ೧೯೫೪ರಲ್ಲಿ. ಎರಡು ಪುಸ್ತಕಗಳ ಹೆಸರುಗಳೂ ಬಾಗಿಲಲ್ಲಿಯೇ ನಮ್ಮನ್ನು ಎಚ್ಚರಿಸುತ್ತವೆ: ಒಂದರಲ್ಲಿ ವೃತ್ತಿ, ಇನ್ನೊಂದರಲ್ಲಿ ಸಾರ್ವಜನಿಕತೆ; ಒಳಮನೆಗೆ ಪ್ರವೇಶವಿಲ್ಲ. ಅದು ಆ ತಲೆಮಾರಿನ ಸಂಕೋಚ, ಗೌರವಿಸತಕ್ಕದ್ದೇ. ಆದರೆ ಆತ್ಮಕಥೆಯಲ್ಲಿ ಹೇಳಿದುದನ್ನು ಓದುವಂತೆಯೇ ಹೇಳದೆ ಬಿಟ್ಟುದನ್ನೂ ಓದಬೇಕು. ವಿಶ್ವೇಶ್ವರಯ್ಯನವರು ೧೯೧೮ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಅದೇ ವರ್ಷ ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಪಂಗಡಗಳಿಗೆ ಅವಕಾಶ ದೊರಕಿಸುವ ವಿಷಯವಾಗಿ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಯೋಗ್ಯತೆಯೇ ಮುಖ್ಯವೆಂದವರ ವಾದವನ್ನೂ, ಬಾಗಿಲೇ ತೆರೆಯದಿದ್ದಲ್ಲಿ ಯೋಗ್ಯತೆಯು ಬೆಳೆಯುವುದೆಂತು ಎಂದು ಕೇಳಿದವರ ವಾದವನ್ನೂ ಜೊತೆಯಾಗಿ ಕೇಳದವನಿಗೆ ಆ ಕಾಲದ ಮೈಸೂರು ಅರ್ಥವಾಗದು. ಮಹಾಪುರುಷರಲ್ಲಿ ಭಕ್ತಿಯಿದ್ದರೆ ಅದು ಇಂಥ ಪ್ರಶ್ನೆಯಿಂದ ಕುಂದುವುದಿಲ್ಲ; ಕುಂದುವಂಥದಾದರೆ ಅದು ಭಕ್ತಿಯಲ್ಲ, ಅಭ್ಯಾಸ.

ಓದುವ ಕ್ರಮವನ್ನು ಕುರಿತು ಎರಡು ಮಾತು. ಕಿಸೆಯಲ್ಲಿ ಹಿಡಿಯುವ ಒಂದು ಟಿಪ್ಪಣಿಪುಸ್ತಕವಿರಲಿ. ಅದರಲ್ಲಿ ಎಡಪುಟಕ್ಕೆ ಗ್ರಂಥವು ಹೇಳಿದುದು, ಬಲಪುಟಕ್ಕೆ ನಮಗೆ ಬಂದ ಸಂದೇಹ. ಬಲಪುಟಗಳು ಬರಿದಾಗಿಯೇ ಉಳಿದರೆ ನಾವು ಓದುತ್ತಿಲ್ಲವೆಂದು ತಿಳಿಯಬೇಕು. ಐವತ್ತು ಪುಟಗಳಾದರೂ ರುಚಿಸದ ಪುಸ್ತಕವನ್ನು ನಿಸ್ಸಂಕೋಚವಾಗಿ ಹಿಂದಿರುಗಿಸತಕ್ಕದ್ದು. ನೂರು ದಿನಗಳ ಬಂಡವಾಳವನ್ನು ಮರ್ಯಾದೆಗಾಗಿ ಕಳೆಯುವುದು ಜಾಣತನವಲ್ಲ. ಇಲ್ಲಿ ಹೇಳಿದ ಹಳೆಯ ಗ್ರಂಥಗಳಲ್ಲಿ ಬಹುಪಾಲಿನ ಛಾಯಾಪ್ರತಿಗಳು ಈಗ ಮನೆಯಲ್ಲಿಯೇ ಕುಳಿತು ನೋಡುವಂತೆ ದೊರೆಯುತ್ತವೆ. ಗ್ರಂಥಭಂಡಾರಗಳು ಇದ್ದೇ ಇವೆ. ಸಾಧ್ಯವಾದರೆ ಇಬ್ಬರು ಕೂಡಿ ಓದಬೇಕು, ಅದರಲ್ಲಿಯೂ ನಮ್ಮ ಅಭಿಪ್ರಾಯವನ್ನು ಒಪ್ಪದ ಸ್ನೇಹಿತರೊಡನೆ.

ಕಡೆಗೆ ಉಳಿದುದು ಒಂದು ಪುಸ್ತಕ. ಇಷ್ಟು ಹೊತ್ತು ನಾವು ಹೆಸರಿಸಿದವರೆಲ್ಲರೂ ಗಂಡಸರು. ಆಳಿದವರೂ ಅವರೇ, ಬರೆದವರೂ ಅವರೇ. ಈ ಕೊರತೆಯು ನಮ್ಮ ಗಮನಕ್ಕೆ ತಡವಾಗಿ ಬಂದಿತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಇದನ್ನು ಸ್ವಲ್ಪವಾದರೂ ತುಂಬುವುದಕ್ಕೆ ಮೈಸೂರಿನ ಗಡಿಯನ್ನು ದಾಟಿ ಬಂಗಾಳಕ್ಕೆ ಹೋಗಬೇಕಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಹಳ್ಳಿಯೊಂದರ ಗೃಹಿಣಿಯಾದ ರಾಸಸುಂದರೀ ದೇವಿಯು ಆಮಾರ್ ಜೀಬನ್ ಎಂಬ ಹೆಸರಿನಲ್ಲಿ ತನ್ನ ಜೀವನವನ್ನು ತಾನೇ ಬರೆದಳು. ಹೆಂಗಸು ಓದಿದರೆ ಕೇಡೆಂದು ಜನರು ನಂಬಿದ್ದ ಕಾಲ. ಆಕೆಯು ಚೈತನ್ಯಭಾಗವತದ ಒಂದು ಹಾಳೆಯನ್ನು ಅಡಿಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗನು ಅಕ್ಷರಾಭ್ಯಾಸ ಮಾಡಿದ ತಾಳೆಗರಿಯೊಂದನ್ನು ಅದರ ಪಕ್ಕದಲ್ಲಿ ಹಿಡಿದು, ಒಲೆಯ ಕೆಲಸದ ನಡುವೆ, ಯಾರೂ ಕಾಣದಂತೆ ಒಂದೊಂದೇ ಅಕ್ಷರವನ್ನು ಗುರುತಿಸಿ ಓದಲು ಕಲಿತಳು. ಆ ಪುಸ್ತಕದಲ್ಲಿ ಯುದ್ಧವಿಲ್ಲ, ಒಪ್ಪಂದವಿಲ್ಲ, ದಿವಾನರ ದರ್ಬಾರಿಲ್ಲ. ಆದರೆ ಆಳಿಸಿಕೊಂಡವರ ಒಳಮನೆಯಲ್ಲಿ ಏನು ನಡೆಯುತ್ತಿತ್ತೆಂಬ ನಮ್ಮ ಪ್ರಶ್ನೆಗೆ, ಬುಕಾನನನ ಕಣ್ಣಿಗೆ ಬೀಳದಿದ್ದ ಉತ್ತರವು ಅಂಥ ಬರಹದಲ್ಲಿದೆ. ನಮ್ಮ ನಮ್ಮ ಮನೆಗಳ ಅಜ್ಜಿಯರು ಇನ್ನೂ ಹೇಳಬಲ್ಲವರಾಗಿರುವಾಗ ಅವರನ್ನು ಕೇಳಿ ಬರೆದಿಟ್ಟರೆ, ಮುಂದಿನ ಮಳೆಗಾಲದ ವಾಚಕರು ಹೊರಗೆ ಅಷ್ಟು ದೂರ ಹುಡುಕಬೇಕಾಗಲಾರದು.

ನಮಗೆ ದೀಪವಿದೆ, ಪುಸ್ತಕವಿದೆ, ಬಚ್ಚಿಟ್ಟುಕೊಳ್ಳುವ ಭಯವಿಲ್ಲ. ಸಮಯವಿಲ್ಲವೆಂದು ಹೇಳುವುದಕ್ಕೆ ಮುಂಚೆ ಆ ಅಡಿಗೆಮನೆಯನ್ನು ನೆನೆಯೋಣ. ಏಕಾದಶಿಯು ಹತ್ತಿರ ಬಂದಿದೆ. ನೂರು ಸಂಜೆಗಳು ಮುಂದಿವೆ.